ಬಳೆ ಹೆಚ್ಚಾದವು

"ನನ್ನ ಕೈ ಹಿಡೀರಿ," ಎಂದ ಅವನು.

ನಿಖತ ಬೆಚ್ಚಿ ತಲೆಯೆತ್ತಿದಳು. ಮಲಾಡ್ ಸ್ಟೇಷನ್ನಿನ ಆಚೆ, ಮಾರ್ಕೆಟ್ಟಿನ ಗಲ್ಲಿಯಲ್ಲಿ ಆಗಷ್ಟೇ ತನ್ನ ಬಳೆ ಅಂಗಡಿಯ ಶಟರ್ ಎತ್ತಿಸಿ ಕೂತಿದ್ದಳು. ಎತ್ತಿಸಿ... ಹೌದು, ಪಕ್ಕದ ಹೂವಿನ ಮಲ್ಲಕ್ಕನ ಕೈಯಿಂದ. ಇತ್ತೀಚೆಗೆ ಬೆಳಗಿನ ಹೊತ್ತು ಆ ಶಟರ್ ಅವಳ ಮಾತು ಕೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅವಳ ಬೆರಳುಗಳೇ ಅವಳ ಮಾತು ಕೇಳುತ್ತಿರಲಿಲ್ಲ.

"ಏನಂದ್ರಿ?"

"ಮತಲಬ್... ನನ್ನ ಕೈಗೆ ಬಳಿ ಹಾಕಿ ನೋಡ್ರಿ." ಹೆಗಲಿಗೆ ರಿಪೇರಿ ಹತ್ಯಾರಗಳ ಚೀಲ, ಬೆವರಿದ ಹಣೆ, ತನ್ನ ಮಾತಿಗೆ ತಾನೇ ನಾಚಿದ ಮುಖ. "ವಿಜಾಪುರದಾಗ ತಂಗಿ ನಿಕಾಹ್ ಐತಿ. ಸೈಜ್ ಗೊತ್ತಿಲ್ಲ. ಸಣ್ಣವರಿದ್ದಾಗ ಇಬ್ಬರ ಕೈನೂ ಸೇಮ್ ಅಂತಿದ್ಲು ಅಮ್ಮಾ."

ಹೂ ಕಟ್ಟುತ್ತಿದ್ದ ಮಲ್ಲಕ್ಕ ದಾರ ಬಿಡದೆ ಕೇಳಿದಳು. "ಸಣ್ಣವನಿದ್ದಾಗ ನಿನಗ ಮೀಸಿ ಇದ್ದಿಲ್ಲಲ್ಲೋ ತಮ್ಮಾ. ಈಗ ಅಕಿಗೂ ಬಂದಾವೇನು?"

ಅವನು ನಕ್ಕ. ನಿಖತಳಿಗೂ ನಗು ಬಂತು. ನಗುತ್ತಲೇ ಅವನ ಕೈ ಹಿಡಿದಳು.

ಬಳೆ ತೊಡಿಸುವುದೊಂದು ಕಸುಬು ನೋಡಿ. ಬೆರಳ ಗೆಣ್ಣುಗಳನ್ನು ಒಂದರ ಮಗ್ಗುಲಿಗೊಂದು ಮಲಗಿಸಿ, ಹೆಬ್ಬೆರಳ ಬುಡವನ್ನು ಒಳಕ್ಕೆ ಒತ್ತಿ, ಎದುರಿನವರಿಗೆ ನೋವು ತಿಳಿಯುವ ಮೊದಲೇ ಬಳೆಯನ್ನು ಮಣಿಕಟ್ಟಿಗೆ ಜಾರಿಸಬೇಕು. ನಿಖತಳಿಗೆ ಅದು ತಾಯಿಯಿಂದ ಬಂದ ವಿದ್ಯೆ.

ಒತ್ತಿದಳು. ಬೆರಳು ಮಡಚಲಿಲ್ಲ. ಇನ್ನೊಮ್ಮೆ ಒತ್ತಿದಾಗ ಗೆಣ್ಣಿನಿಂದ ಎದ್ದ ನೋವು ಮೊಣಕೈವರೆಗೂ ಹರಿಯಿತು.

ಅವನು ತನ್ನ ಕೈಯನ್ನಲ್ಲ, ಅವಳ ಕೈಯನ್ನು ನೋಡುತ್ತಿದ್ದ. "ನಿಮ್ಮ ಕೈ ಬಿಸಿ ಅದಾವ," ಎಂದ ಮೆಲ್ಲಗೆ. "ಜ್ವರಾ ಬಂದೇತೇನು?"

ನಿಖತ ಸಟ್ಟನೆ ಕೈ ಕಿತ್ತುಕೊಂಡು ದುಪಟ್ಟಾದೊಳಗೆ ಮುಚ್ಚಿಟ್ಟಳು.

ಮುಚ್ಚಿಟ್ಟ ಮೇಲೆ ಹೊಳೆಯಿತು. ಇದು ತನ್ನ ಅಭ್ಯಾಸವಲ್ಲ. ಹೀಗೆ ಕೈ ಮುಚ್ಚುತ್ತಿದ್ದವಳು ಅಮ್ಮಿ...

ಅದೇ ಹೊತ್ತಿಗೆ ಅವಳ ಬೆನ್ನ ಹಿಂದೆ, ಯಾರೂ ಮುಟ್ಟದ ಗೂಡಿನಲ್ಲಿ, ಗಾಜಿನ ಬಳೆಗಳು ಕಿಣಿ ಎಂದವು.

* * *

ಅಮ್ಮಿ, ಅಂದರೆ ಜೈತುನಬಿ, ಇದೇ ಅಂಗಡಿಯಲ್ಲಿ ಕೂತು ಅರ್ಧ ಮಲಾಡಿನ ಹೆಣ್ಣುಮಕ್ಕಳಿಗೆ ಬಳೆ ತೊಡಿಸಿದವಳು. ವಿಜಾಪುರದ ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ, ಮನೆಗೆ ಬಂದರೆ ದಖನಿ. ಮಗಳಿಗೆ ಅವಳು ಕಲಿಸಿದ ಮೊದಲ ಪಾಠ ಬಳೆಯದಲ್ಲ, ಮಾತಿನದು.

"ಬಳಿ ಒಡೀತು ಅನಬಾರದು ಬೇಟಿ. ಚೂರಾಗಿ ನೆಲಕ್ಕ ಬಿದ್ರೂ 'ಹೆಚ್ಚಾತು' ಅನಬೇಕು. ತೊಟ್ಟಾಕಿಗಿ ಕೇಡು ತಟ್ಟಬಾರದು."

ದೀಪ ಆರಿಸುವುದಕ್ಕೆ ದೊಡ್ಡದು ಮಾಡು ಅನ್ನುವುದಿಲ್ಲವೇ, ಹಾಗೆ. ಕೇಡಿನ ಮಾತು ಬಾಯಿಂದ ಬರಬಾರದು.

ಆದರೆ ಕೇಡು ಮಾತಿಗಾಗಿ ಕಾಯಲಿಲ್ಲ. ಜೈತುನಬಿಯ ಬೆರಳುಗಳು ಮೊದಲು ಬೆಳಗಿನ ಹೊತ್ತಷ್ಟೇ ಬಿಗಿದವು. ಆಮೇಲೆ ಇಡೀ ದಿನ. ಆಮೇಲೆ ಗಾಳಿಗೆ ಬಾಗಿದ ಗಿಡದ ಹಾಗೆ ಎಲ್ಲವೂ ಒಂದೇ ಕಡೆಗೆ ವಾಲಿದವು. ಮನೆಯಲ್ಲಿ "ನಂಜು ಏರೇತಿ" ಅಂದರು. ಬದನೆಕಾಯಿ ತಿನ್ನುವುದು ಬಿಡಿಸಿದರು, ಎಲೆ ಕಟ್ಟಿದರು, ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗಿಸಿದರು. ಕಡೆಗೆ ಊದಿದ ಮಣಿಕಟ್ಟಿಗೆ ಬಳೆಗಳು ಕಚ್ಚಿಕೊಂಡಾಗ ಅವನ್ನು ಕತ್ತರಿಸಿ ತೆಗೆಯಬೇಕಾಯಿತು. ಬಳೆಗಾರ್ತಿಯ ಕೈ ಬರಿದಾಯಿತು.

"ಹಾತಾಂ ಕಿಸೀಕು ನಕ್ಕೋ ದಿಖಾ ಬೇಟಿ," ಅನ್ನುತ್ತಿದ್ದಳು, ಗಿರಾಕಿ ಬಂದಾಗ ಸೆರಗಿನೊಳಗೆ ಕೈ ಅಡಗಿಸುತ್ತ. ಯಾರಿಗೂ ಕೈ ತೋರಿಸಬೇಡ ಮಗಳೇ.

ಅಮ್ಮಿ ಹೋಗಿ ವರ್ಷಗಳಾಗಿದ್ದವು. ಆದರೆ ಈಚೆಗೆ ಬೆಳಕು ಹರಿಯುವ ಮೊದಲು, ಮಾಲವಣಿಯ ಅವರ ಸಣ್ಣ ಮನೆಯ ಅಡಿಗೆ ಮೂಲೆಯಿಂದ ಬಳೆಯ ಸಪ್ಪಳ ಕೇಳತೊಡಗಿತ್ತು. ಕಿಣಿ... ಕಿಣಿ... ನಿಖತ ಕಣ್ಣು ಬಿಟ್ಟು ಮಲಗಿರುತ್ತಿದ್ದಳು. ಏಳಲು ಭಯ. ಕೈ ಮಡಚಲು ಹೋದರೆ ಬೆರಳು ಕಟ್ಟಿಗೆ. ಅಮ್ಮಿಯ ಕೈ ತನ್ನ ಕೈಯೊಳಗೆ ಬಂದು ಸೇರಿಕೊಂಡಿದೆ... ಅವಳಿಗೆ ಹಾಗೆಯೇ ಅನಿಸುತ್ತಿತ್ತು.

* * *

ಅವನ ಹೆಸರು ಜುಲ್ಫಿಕಾರ. ಎಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದ. ಹುಟ್ಟಿದ್ದು ಬೆಳೆದದ್ದು ವಡಾಲದಲ್ಲಿ, ಬೇರು ವಿಜಾಪುರದಲ್ಲಿ.

"ನನ್ನ ಕನ್ನಡಾ ಥೋಡಾ ಕಚ್ಚಾ ಐತಿ," ಅನ್ನುತ್ತಿದ್ದ. "ಅಮ್ಮಾನ ಜೋಡಿ ಮಾತಾಡ್ತೀನಲ್ಲ, ಅಷ್ಟs."

ತಂಗಿಗೆಂದು ಕೊಂಡ ಬಳೆ ದೊಡ್ಡದಾಯಿತೆಂದು ಬಂದ. ಬದಲಿಸಿಕೊಂಡು ಹೋದದ್ದು ಸರಿಯಾಯಿತೆಂದು ಹೇಳಲು ಮತ್ತೆ ಬಂದ. ಮಲಾಡಿನಲ್ಲಿ ಎಲ್ಲಿ ಎಸಿ ಕೆಟ್ಟರೂ ಅದರ ದಾರಿ ಬಳೆ ಗಲ್ಲಿಯಿಂದಲೇ ಹಾದುಹೋಗತೊಡಗಿತು.

"ಈ ಹುಡುಗಗ ಮಲಾಡಿನಾಗ ಭಾಳ ಸೆಕಿ ಆಗ್ತೇತಿ," ಎಂದಳು ಮಲ್ಲಕ್ಕ.

"ಬೆಳಿಗ್ಗೆ ಬರಬ್ಯಾಡ್ರಿ. ಗಿರಾಕಿ ಇರ್ತಾರ," ಎಂದು ನಿಖತ ಅವನಿಗೆ ಸುಳ್ಳು ಹೇಳಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಸಡಿಲಾಗುತ್ತಿತ್ತು. ಸಂಜೆಗೆ ಯಾರ ಕಣ್ಣಿಗೂ ಬೀಳದಷ್ಟು ಚೆನ್ನಾಗಿರುತ್ತಿತ್ತು. ಆ ಮೊದಲ ದಿನ ಬಿಟ್ಟರೆ ಅವನಿಗೆ ಸಂಜೆಯ ನಿಖತ ಮಾತ್ರ ಗೊತ್ತಿದ್ದಳು.

ಅಂಥದೊಂದು ಸಂಜೆ ಮಾರ್ವೆಯ ದಂಡೆಯಲ್ಲಿ ಅವನು ಕಾಗದದ ಪೊಟ್ಟಣ ಬಿಚ್ಚಿದ. ದಾಳಿಂಬೆ ಬಣ್ಣದ ಗಾಜಿನ ಬಳೆಗಳು.

"ಬಳಿಗಾರ್ತಿಗೆ ಬ್ಯಾರೆ ಅಂಗಡಿ ಬಳಿ?" ಅವಳು ನಕ್ಕಳು. "ಎಷ್ಟಕ್ಕ ಟೋಪಿ ಹಾಕಿದ್ರು?"

"ನಿಮ್ಮಲ್ಲೇ ತಗೊಂಡ್ರ ನಿಮಗ ಮೊದಲs ಗೊತ್ತಾಗ್ತಿತ್ತು." ಅವನು ಒಂದೊಂದಾಗಿ ಅವಳ ಕೈಗೆ ಏರಿಸಿದ. "ಅಮ್ಮಾನ ಕಳಸ್ಲಿ? ನಿಮ್ಮ ಅಬ್ಬಾನ ಕಡೆ... ಮಾತಿಗೆ?"

ಸಮುದ್ರ ಹಿಂದೆ ಸರಿದಿತ್ತು. ನಿಖತ ಬಳೆಗಳನ್ನೇ ನೋಡುತ್ತ, "ಹೂಂ," ಎಂದಳು.

ಮನಸ್ಸು ಮಾತ್ರ ಒಳಗೇ ಕೇಳಿತು. 'ಬೆಳಗಿನ ಕೈ ತೋರಿಸದೆ ಹೂಂ ಅಂದೆಯಲ್ಲ... ಇದು ಮೋಸ ಅಲ್ಲವಾ ನಿಖತ?'

* * *

ಮರುದಿನ ನಸುಕಿನಲ್ಲಿ ಮಣಿಕಟ್ಟಿನ ಉರಿಗೆ ಎಚ್ಚರವಾಯಿತು.

ಕೈ ಊದಿತ್ತು. ದಾಳಿಂಬೆ ಬಳೆಗಳು ಚರ್ಮಕ್ಕೆ ಕಚ್ಚಿದ್ದವು. ಬಚ್ಚಲಿಗೆ ಓಡಿ ಸಾಬೂನು ಸವರಿದಳು. ಎಷ್ಟೋ ಹೆಂಗಸರ ಕೈಯಿಂದ ಬಳೆ ಇಳಿಸಿದವಳಿಗೆ ತನ್ನದೇ ಬಳೆ ಇಳಿಸಲು ಬೆರಳುಗಳ ಬಲ ಸಾಲಲಿಲ್ಲ. ಎಳೆದಳು, ತಿರುಚಿದಳು. ಜಾರಿದ ಕೈ ನಲ್ಲಿಯ ಅಂಚಿಗೆ ಬಡಿಯಿತು.

ಗಾಜು ನೆಲದ ಮೇಲೆ ಹರಡಿತು. ಒಂದೂ ಉಳಿಯಲಿಲ್ಲ. ಚರ್ಮದ ಮೇಲೆ ಕೆಂಪು ಗೆರೆಯೊಂದು ಎದ್ದಿತು.

ಅಡಿಗೆ ಮೂಲೆಯಿಂದ ಸಪ್ಪಳ ಬಂತು. ಕಿಣಿ... ಕಿಣಿ...

'ನೋಡಿದೆಯಾ?' ಎಂದು ಅಮ್ಮಿ ಕೇಳಿದಂತಾಯಿತು.

ಅವಳು ಫೋನ್ ಮಾಡಿದಳು. ಅವನು ಒಂದೇ ಒಂದು ಸಲ 'ಯಾಕೆ' ಎಂದು ಕೇಳಿದರೆ ಸಾಕು, ಎಲ್ಲವನ್ನೂ ಹೇಳಿಬಿಡಬೇಕು... ಕೈಯ ಕಥೆ, ಅಮ್ಮಿಯ ಕಥೆ, ಎಲ್ಲವನ್ನೂ.

"ಹಾಂ ನಿಖತ, ಬೋಲೋ." ಅವನ ಹಿಂದೆ ಲೋಕಲ್ ಟ್ರೇನಿನ ಗದ್ದಲ.

"ನೀವು ಕೊಟ್ಟ ಬಳಿ..." ನೆಲದ ಚೂರುಗಳನ್ನು ನೋಡಿದಳು. "ಹೆಚ್ಚಾದ್ವು."

"ಹೆಚ್ಚಾದ್ವು?"

"ಹೂಂ. ಎಲ್ಲಾ."

ಆ ತುದಿಯಲ್ಲಿ ಗಾಡಿಯೊಂದು ಹಾದುಹೋಯಿತು.

"...ಅಚ್ಛಾ. ಠೀಕ್ ಐತಿ," ಎಂದ. ಫೋನ್ ಇಟ್ಟ.

ಅವನು ಬರಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ಅವನ ಅಮ್ಮಾ ಮಾತಿಗೆಂದು ಮನೆಗೆ ಬರಲಿಲ್ಲ.

'ಬಳೆ ಹೋದದ್ದು ಕೇಳಿಯೇ ಹೆದರಿದ,' ಅಂದುಕೊಂಡಳು ನಿಖತ. 'ಕೈ ನೋಡಿದ್ದರೆ ಇನ್ನೇನಾಗುತ್ತಿದ್ದನೋ. ಹೋಗಲಿ... ಒಳ್ಳೆಯದೇ ಆಯಿತು.' ಒಳ್ಳೆಯದಾಯಿತು ಎಂದು ತನಗೆ ತಾನೇ ಹೇಳಿಕೊಂಡಾಗಲೆಲ್ಲ ಗೆಣ್ಣುಗಳು ಇನ್ನಷ್ಟು ಬಿಗಿಯುತ್ತಿದ್ದವು.

* * *

ಒಂದು ದಿನ ಚಹಾದ ಗ್ಲಾಸು ಅವಳ ಕೈಯಿಂದ ಜಾರಿತು. ಮಲ್ಲಕ್ಕ ಹೂವಿನ ಬುಟ್ಟಿ ಸರಿಸಿ ಎದ್ದು ಬಂದಳು. ದುಪಟ್ಟಾ ಸರಿಸಿ ಕೈ ನೋಡಿದಳು.

"ನಿಮ್ಮವ್ವನೂ ಹಿಂಗs ಮುಚ್ಚಿದ್ಲು. ನಾನೂ ಸುಮ್ಮನಿದ್ದೆ. ಈ ಸಲ ಸುಮ್ಮನಿರಂಗಿಲ್ಲ. ನಡಿ."

ವಿಲೆ ಪಾರ್ಲೆಯ ಡಾಕ್ಟರ್ ಮಾಧುರಿ ಧಾರವಾಡದವರು. ರಕ್ತದ ರಿಪೋರ್ಟುಗಳನ್ನು ನೋಡಿ ಪಕ್ಕಕ್ಕಿಟ್ಟು, ನಿಖತಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಮೈಯಾಗ ಒಬ್ಬ ಕಾವಲುಗಾರ ಇರ್ತಾನವಾ. ಗಾಯ ಆದ್ರ, ರೋಗದ ಹುಳ ಹೊಕ್ರ, ಕೋಲು ಹಿಡದು ಓಡಿಬರ್ತಾನ. ಅದಕ್ಕs ಆ ಜಾಗ ಕೆಂಪಾಗ್ತದ, ಬಿಸಿ ಆಗ್ತದ, ಊದ್ತದ. ಕಳ್ಳ ಹೋದ ಮ್ಯಾಲ ಅವನೂ ಮನೀಗೆ ಹೋಗ್ತಾನ. ಅದು ಒಳ್ಳೇ ಉರಿಯೂತ. ನಿನ್ನ ಕಾವಲುಗಾರ ಮನೀಗೆ ಹೋಗವಲ್ಲ. ಕಳ್ಳ ಇಲ್ಲ, ಆದ್ರೂ ಬಡೀತಾನ. ಮನಿಯವರನ್ನs ಬಡೀತಾನ. ನಿನ್ನ ಗೆಣ್ಣಿನಾಗ ನಡದದ್ದು ಅದು."

"ನಂಜು ಅಲ್ಲೇನ್ರಿ? ಬದನಿಕಾಯಿ ಬಿಟ್ಟು ವರ್ಷಾತ್ರಿ."

"ಬದನಿಕಾಯಿ ಪಾಪ, ಏನ್ ಮಾಡೇದ?" ಡಾಕ್ಟರ್ ನಕ್ಕರು. "ಏನ್ ತಿಂತಿ, ಅದನ್ನ ಹೇಳು."

ನಿಖತ ಹೇಳಿದಳು. ಬೆಳಿಗ್ಗೆ ಚಹಾ, ಖಾರಿ ಬಿಸ್ಕಿಟ್. ಮಧ್ಯಾಹ್ನ ವಡಾಪಾವ್. ಸಂಜೆ ಮತ್ತೆ ಸಕ್ಕರೆ ಸುರಿದ ಚಹಾ. ದಿನವಿಡೀ ಕೂತಲ್ಲೇ ಕೂತಿರುವುದು.

"ನಿಮ್ಮ ಊರಾಗ ಏನ್ ತಿಂತಿದ್ರು?"

"ಜ್ವಾಳದ ರೊಟ್ಟಿ, ಪಲ್ಯಾ, ಅಗಸಿ ಹಿಂಡಿ ಚಟ್ನಿ..."

"ಅದನ್ನs ತಿನ್ನು ಮತ್ತ. ಸೊಪ್ಪು, ಕಾಳು, ಮೀನು. ಸಕ್ಕರಿ, ಕರದದ್ದು ಕಡಿಮಿ ಮಾಡು. ದಿನಾ ಒಂದಿಷ್ಟು ನಡಿ. ಬೆಳಿಗ್ಗೆ ಬೆಚ್ಚಗಿನ ನೀರಾಗ ಕೈ ಇಟ್ಟು ಬೆರಳು ಆಡಸು. ಆದ್ರ ಒಂದು ಮಾತು. ಇವೆಲ್ಲಾ ನಾ ಬರಕೊಡೋ ಗುಳಿಗಿ ಬದಲಿ ಅಲ್ಲ. ಗುಳಿಗಿ ಒಂದು ಕೈ, ದಿನದ ಬಾಳೇ ಇನ್ನೊಂದು ಕೈ. ಒಂದs ಕೈಲೆ ಬಳಿ ಏರಿಸ್ಲಿಕ್ಕೆ ಬರ್ತದೇನು?"

ಬಳೆಗಾರ್ತಿಗೆ ಈ ಮಾತು ನೇರ ಹೊಕ್ಕಿತು.

"ಅಮ್ಮಿ ಹಂಗ ಆಗ್ತೇನೇನ್ರಿ ನಾನು?" ಅಮ್ಮಿಯ ಕೈಯ ಕಥೆ ಹೇಳಿ, ಇಷ್ಟು ದಿನ ಯಾರನ್ನೂ ಕೇಳದ ಪ್ರಶ್ನೆ ಕೇಳಿದಳು.

"ಅವರು ಡಾಕ್ಟರ್ ಕಡೆ ಬರಲಿಲ್ಲ. ನೀ ಬಂದೀದಿ. ಅಲ್ಲೇ ಫರಕ್ ಆತು." ತುಸು ತಡೆದು ಕೇಳಿದರು. "ನಿದ್ದಿ ಹ್ಯಾಂಗದ?"

"ನಿದ್ದಿ ಇಲ್ರಿ. ನಸುಕಿನ್ಯಾಗ... ಬಳಿ ಸಪ್ಪಳ ಕೇಳಸ್ತದ. ಸತ್ತ ನಮ್ಮಮ್ಮಿದು."

ಡಾಕ್ಟರ್ ನಗಲಿಲ್ಲ. "ಹೆದರಿ ಎಚ್ಚರಿದ್ರ ಕಾವಲುಗಾರನೂ ಮಲಗಂಗಿಲ್ಲವಾ. ಆ ಸಪ್ಪಳ ಎಲ್ಲಿಂದ ಬರ್ತದ, ಒಮ್ಮೆ ಎದ್ದು ನೋಡು."

* * *

ಎದ್ದು ನೋಡಲು ಧೈರ್ಯ ಬರುವುದಕ್ಕೆ ಇನ್ನೂ ಕೆಲವು ನಸುಕುಗಳು ಬೇಕಾದವು.

ಕಿಣಿ... ಕಿಣಿ...

ನಿಖತ ಗೋಡೆ ಹಿಡಿದು ಅಡಿಗೆ ಮೂಲೆಗೆ ಬಂದಳು. ಮಸುಕು ಬೆಳಕಿನಲ್ಲಿ ಅಬ್ಬಾ ಕೂತಿದ್ದ. ಅವಳ ಅಪ್ಪ, ಮುದುಕ ಗುಡುಸಾಬ. ತೊಡೆಯ ಮೇಲೆ ತಗಡಿನ ಡಬ್ಬಿ, ಕೈಯಲ್ಲಿ ಅಮ್ಮಿಯ ಹಳೆಯ ಬಳೆಗಳು. ಒಂದೊಂದನ್ನೇ ಎತ್ತಿ, ಉಸಿರೂದಿ, ಲುಂಗಿಯ ತುದಿಯಿಂದ ಒರೆಸಿ ಇಡುತ್ತಿದ್ದ.

"ಅಬ್ಬಾ..."

ಅವನು ತಲೆಯೆತ್ತಲಿಲ್ಲ. "ಧೂಳಾ ಕೂಡ್ತದ," ಎಂದ. "ಅಕಿಗಿ ಧೂಳಾ ಸೇರತಿದ್ದಿಲ್ಲ."

ನಿಖತ ಅವನ ಪಕ್ಕ ಕೂತಳು. ಬಿಗಿದ, ಊದಿದ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಗುಡುಸಾಬ ಬಹಳ ಹೊತ್ತು ನೋಡಿದ. ಗುರುತು ಸಿಕ್ಕ ಕೈಗಳನ್ನು ನೋಡಿದ ಹಾಗೆ ನೋಡಿದ. ಆಮೇಲೆ ಡಬ್ಬಿ ಮುಚ್ಚಿ, ಎದ್ದು, ಗ್ಯಾಸ್ ಹಚ್ಚಿ ನೀರಿಟ್ಟ.

ಅಂದಿನಿಂದ ನಸುಕಿನ ನೀರು ಅವನ ಪಾಲಿಗೆ ಬಂತು. ಬೋಗುಣಿಯಲ್ಲಿ ಮಗಳ ಕೈ ಮುಳುಗಿರುವಾಗ ಅವನು ಪಕ್ಕದಲ್ಲಿ ಕೂತು ಅಗಸೆ ಹುರಿಯುತ್ತಿದ್ದ. ನಿಖತ ಅಂಗಡಿಗೆ ಆಟೋ ಬಿಟ್ಟು ಆದಷ್ಟು ದೂರ ನಡೆಯತೊಡಗಿದಳು. ಸಕ್ಕರೆ ಇಲ್ಲದ ಚಹಾಕ್ಕೆ ಮಲ್ಲಕ್ಕ ಮುಖ ಕಿವುಚಿ, "ಇದು ಚಹಾನೋ, ಮಂದಿ ಮುಖಾ ತೊಳದ ನೀರೋ?" ಅಂದಳು. ಆದರೂ ಜೊತೆಗೆ ಕುಡಿದಳು.

ಎಲ್ಲ ಬೆಳಗೂ ಒಂದೇ ಥರ ಇರಲಿಲ್ಲ. ಕೆಲವು ಸಲ ಬೆರಳುಗಳು ಮತ್ತೆ ಕಟ್ಟಿಗೆಯಾಗಿ, ಎಲ್ಲವೂ ಸುಳ್ಳು ಅನಿಸುತ್ತಿತ್ತು. ಆದರೂ ತಿಂಗಳುಗಳು ಕಳೆದಂತೆ ಊತ ಇಳಿಯಿತು, ನಿದ್ದೆ ಬಂತು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಶಟರಿಗೆ ಕೈ ಹಾಕಿ ಎಳೆದಳು. ಕಿರುಗುಟ್ಟುತ್ತ ಅದು ಮೇಲೇರಿತು. ಮಲ್ಲಕ್ಕ ಹೂವಿನ ದಾರ ಬಾಯಲ್ಲಿ ಕಚ್ಚಿಕೊಂಡೇ ಕಣ್ಣೊರೆಸಿಕೊಂಡಳು.

ಒಂದು ಮಾತ್ರ ಇಳಿದಿರಲಿಲ್ಲ. ಗಲ್ಲಿಯ ತುದಿಯಲ್ಲಿ ಹತ್ಯಾರದ ಚೀಲ ಹೊತ್ತ ಯಾರೇ ಕಂಡರೂ ಎದೆ ಹೊಡೆದುಕೊಳ್ಳುವುದು.

* * *

ಅವನು ಬಂದದ್ದು ಒಂದು ಬೆಳಿಗ್ಗೆ. ಗಿರಾಕಿ ಇರ್ತಾರ ಎಂದು ಅವಳು ಸುಳ್ಳು ಹೇಳಿದ್ದ ಅದೇ ಹೊತ್ತಿಗೆ.

ನಿಖತ ಅಂಗಡಿಯೊಳಗೆ ಗೂಡಿನ ಹಿಂದೆ ಬಗ್ಗಿದ್ದಳು. ಹೊರಗೆ ಮೆಲ್ಲಗಿನ ದನಿ ಕೇಳಿ ಅಲ್ಲೇ ನಿಂತುಬಿಟ್ಟಳು.

"ಮಲ್ಲಕ್ಕಾ, ಒಂದು ಕೆಲಸ. ತಂಗಿಗೆ ಈಗ ಏಳ್ ತಿಂಗಳು. ಹಸಿರು ಬಳಿ ಬೇಕಂತ. ಇದs ಅಂಗಡಿದು ಬೇಕಂತ ಹಟಾ. ನೀವs ತಗೊಂಡು ಕೊಡ್ರಿ."

"ಯಾಕಪಾ? ನಿನಗ ಬಾಯಿ ಇಲ್ಲೇನು?"

"ಅವರಿಗೆ ನನ್ನ ಮುಖಾ ಬ್ಯಾಡ."

"ಹಂಗಂತ ಯಾರ್ ಅಂದ್ರು?"

"ಅವರs ಅಂದ್ರು. ನಾ ಕೊಟ್ಟ ಬಳಿ ಜ್ಯಾದಾ ಆದ್ವು, ಭಾಳ ಆದ್ವು ಅಂತ. ಅವರ ಅಂಗಡಿ ತುಂಬಾ ಬಳಿ ಅದಾವ. ನನ್ನವು ಯಾಕ ಬೇಕು... ಬರೋಬ್ಬರ್ ಐತಿ."

"ಜ್ಯಾದಾ?" ಮಲ್ಲಕ್ಕನ ಕೈಯಲ್ಲಿದ್ದ ಹೂ ನಿಂತಿತು. "ಅಕಿ ಏನಂದ್ಲು? ಅಕಿ ಮಾತಿನ್ಯಾಗs ಹೇಳು."

"'ಬಳಿ ಹೆಚ್ಚಾದ್ವು' ಅಂದ್ರು. 'ಎಲ್ಲಾ' ಅಂತನೂ ಅಂದ್ರು."

ಮಲ್ಲಕ್ಕ ಹಣೆ ಹಣೆ ಬಡಿದುಕೊಂಡಳು. "ಎಲಾ ವಡಾಲದ ಶಾಣ್ಯಾ. ಹೆಚ್ಚಾದ್ವು ಅಂದ್ರ ಒಡದ್ವು ಅಂತೋ. ನಮ್ಮ ಕಡೆ ಬಳಿಗಿ ಒಡೀತು ಅನ್ನಂಗಿಲ್ಲ. ಮರಾಠಿಯವರು ಬಾಂಗಡಿ ವಾಢಲಿ ಅನ್ನಂಗಿಲ್ಲೇನು? ಅದs ಇದು. ಇಷ್ಟ ತಿಂಗಳು ಒಂದು ಮಾತಿನ ಸಲುವಾಗಿ ಬಿಸಲಾಗ ನಿಂತೀಯಲ್ಲೋ, ಬಾಯಿ ಬಿಟ್ಟು ಯಾಕಂತ ಕೇಳಾಕ ಏನಾಗಿತ್ತು?"

ಗೂಡಿನ ಹಿಂದೆ ನಿಖತ ಪ್ರತಿ ಮಾತನ್ನೂ ಕೇಳಿಸಿಕೊಂಡಳು. 'ಅವನು ಹೆದರಿ ಹೋದದ್ದಲ್ಲ. ನಾನೇ ಬೇಡ ಅಂದೆ ಅಂದುಕೊಂಡು ಹೋದದ್ದು...'

ಅವಳು ಹೊರಗೆ ಬಂದಳು. ಜುಲ್ಫಿಕಾರ ಸೊರಗಿ ಹೋಗಿದ್ದ. ಅದೇ ನಾಚಿಕೆಯ ಮುಖ, ಆದರೆ ನಗು ಇರಲಿಲ್ಲ.

"ಬಳಿ... ಒಡದಿದ್ವಾ?" ಎಂದ.

"ಹೂಂ."

"ಹೆಂಗ?"

ಕೊನೆಗೂ ಕೇಳಿದ. ಇಷ್ಟು ತಿಂಗಳು ತಡವಾಗಿ, ಆದರೂ ಕೇಳಿದ.

ದುಪಟ್ಟಾದೊಳಗಿದ್ದ ಕೈ ಇನ್ನೂ ಒಳಕ್ಕೆ ಸರಿಯಿತು. ಕಿವಿಯಲ್ಲಿ ಅಮ್ಮಿಯ ದನಿ... ಹಾತಾಂ ಕಿಸೀಕು ನಕ್ಕೋ ದಿಖಾ. ನಿಖತ ಕಣ್ಣು ಮುಚ್ಚಿದಳು. 'ಮಾಫ್ ಮಾಡು ಅಮ್ಮಿ. ಮುಚ್ಚಿಟ್ಟು ನೀನು ಉಳಿಯಲಿಲ್ಲ.'

ಎರಡೂ ಕೈಗಳನ್ನು ಬೆಳಗಿನ ಬೆಳಕಿಗೆ ಚಾಚಿದಳು.

ಗೆಣ್ಣುಗಳಲ್ಲಿ ಇನ್ನೂ ತುಸು ಊತವಿತ್ತು. ಒಂದು ಕಿರುಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

"ನಿಮಗ ಗೊತ್ತಿದ್ದದ್ದು ಸಂಜಿ ಕೈ. ಇವು ಬೆಳಗಿನ ಕೈ. ನಮ್ಮಮ್ಮಿಗೂ ಇದs ಇತ್ತು. ಗುಳಿಗಿ ತಗೋತೀನಿ, ನಡೀತೀನಿ, ರೊಟ್ಟಿ, ಅಗಸಿ, ನಿದ್ದಿ, ಎಲ್ಲಾ ಸುದ್ದ ಮಾಡೇನಿ. ಕಡಿಮಿ ಆಗೇತಿ. ಆದ್ರ ಪೂರಾ ಹೋಗಂಗಿಲ್ಲ ಅಂತಾರ ಡಾಕ್ಟರು. ಒಂದೊಂದು ದಿನ ನಿಮಗ ಒಂದು ಕಪ್ ಚಹಾ ಎತ್ತಿ ಕೊಡಾಕ ಆಗಂಗಿಲ್ಲ ನನಗ. ಈಗ ಹೇಳ್ರಿ."

ಅವನು ಹತ್ಯಾರದ ಚೀಲ ಕೆಳಗಿಟ್ಟ.

"ಮೊದಲನೇ ದಿನ ನೀವು ಕೈ ಹಿಡದಾಗ ಗೊತ್ತಾಗಿತ್ತು, ಏನೋ ಐತಿ ಅಂತ. ಫ್ರಿಜ್ಜಿಂದು ಥರ್ಮೋಸ್ಟ್ಯಾಟ್ ಜಾಮ್ ಆದ್ರ ಮಶೀನ್ ಬಂದ್ ಆಗಂಗಿಲ್ಲ. ಓಡ್ತs ಇರ್ತೇತಿ. ಹಿಂದ ಕೈ ಇಟ್ರ ಹಂಗs ಬಿಸಿ." ನಿಲ್ಲಿಸಿ ತಲೆ ತುರಿಸಿಕೊಂಡ. "ಸಾರಿ. ನಿಮ್ಮನ್ನ ಫ್ರಿಜ್ ಅಂದೆ."

ಮಲ್ಲಕ್ಕ ಆಚೆ ಮುಖ ತಿರುಗಿಸಿ ಹೂವಿಗೆ ಜೋರಾಗಿ ನೀರು ಚಿಮುಕಿಸಿದಳು.

"ಹೆದರಿಕಿ ಆಗಲಿಲ್ಲೇನು?" ನಿಖತ ಪಿಸುಗುಟ್ಟಿದಳು.

"ಆಗೇತಿ. ಈಗೂ ಆಗಾಕತ್ತೇತಿ. ನಿಮಗ ನೋವಾದ್ರ ನಾ ಏನ್ ಮಾಡ್ಲಿ, ಗೊತ್ತಿಲ್ಲ ನನಗ. ಕಲೀತೀನಿ. ನೀರು ಕಾಸೋದು ಬರ್ತೇತಿ. ಚಹಾ ಎತ್ತೋದೂ ಬರ್ತೇತಿ."

"ಸಕ್ಕರಿ ಇಲ್ಲದ ಚಹಾ."

"ಅದು ಮಾತ್ರ ಥೋಡಾ ಕಠಿಣ ಐತಿ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೀರೂ ಬಂತು. ಅವನು ತನ್ನ ಕೈ ಮುಂದೆ ಚಾಚಿದ.

"ತಂಗಿ ಯಾಸ್ಮೀನಂದು ಸೈಜ್ ಮರತೇನಿ. ನನ್ನ ಕೈ ಹಿಡೀರಿ."

ನಿಖತ ಹಿಡಿದಳು. ಗೆಣ್ಣುಗಳನ್ನು ಮಲಗಿಸಿ, ಹೆಬ್ಬೆರಳ ಬುಡ ಒತ್ತಿದಳು. ನಿಧಾನವಾಗಿ, ಒಂದಿಷ್ಟು ನೋವಿನೊಂದಿಗೆ, ಬೆರಳುಗಳು ಮಡಚಿದವು.

ಬೆನ್ನ ಹಿಂದಿನ ಗೂಡಿನಲ್ಲಿ ಬಳೆಗಳು ಕಿಣಿ ಎಂದವು. ಅಮ್ಮಿಯ ಡಬ್ಬಿ ಮನೆಯಲ್ಲಿತ್ತು. ಗಾಳಿ ಇರಬಹುದು, ದೂರದ ಲೋಕಲ್ ಇರಬಹುದು. ನಿಖತ ಹಿಂದಿರುಗಿ ನೋಡಲಿಲ್ಲ. ಇದ್ದರೆ ಇರಲಿ, ಅಮ್ಮಿಯೂ ನೋಡಲಿ.

"ನಿಖತ," ಎಂದ ಅವನು, ಮೊದಲ ಸಲ ಏಕವಚನಕ್ಕೆ ಇಳಿದು. "ನಿನ್ನ ಮ್ಯಾಲ ಪ್ರೀತಿ ಭಾಳ ಹೆಚ್ಚಾಗೇತಿ."

ಅವಳು ಬೆಚ್ಚಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಬೆಳಗಿನ ಕೈಯನ್ನೇ.

"ಹೆಚ್ಚಾಗೇತಿ ಅನಬ್ಯಾಡ್ರಿ... ಒಡದಂಗ ಆಗ್ತೇತಿ."

"ಮತ್ತ ಏನಂತ ಹೇಳ್ಲಿ?"

"ಐತಿ ಅನ್ರಿ. ಅಷ್ಟ ಸಾಕು."

ಅವಳ ಬೆರಳುಗಳ ಹಿಂದಿನಿಂದ ಅವನು ಮೆಲ್ಲಗೆ ಅಂದ.

"ಐತಿ."